ಪ್ರೋಟೀನ್ ಮಾಡದ ಆರ್‌ಎನ್‌ಎ, ದಪ್ಪಗಾಗುವ ಹೃದಯ

ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಹೃದಯದ ಸ್ನಾಯು ದಪ್ಪವಾಗುತ್ತದೆ. ಆಮೇಲೆ ಅದರ ನಡುವೆ ನಾರು ಬೆಳೆದು ಗೋಡೆ ಬಿರುಸಾಗುತ್ತದೆ. ಕೊನೆಗೆ ಪಂಪ್ ಮಾಡುವ ಶಕ್ತಿಯೇ ಕುಗ್ಗುತ್ತದೆ. ಇದಕ್ಕೆಲ್ಲ ಯಾವ ಪ್ರೋಟೀನ್ ಕಾರಣ ಎಂದು ವಿಜ್ಞಾನಿಗಳು ದಶಕಗಳ ಕಾಲ ಹುಡುಕಿದರು. ಪ್ರೋಟೀನನ್ನೇ ಮಾಡದ ಆರ್‌ಎನ್‌ಎ ಕಡೆ ಗಮನ ಹರಿದದ್ದು ಬಹಳ ತಡವಾಗಿ.

ತಡವಾದದ್ದು ಸಹಜವೇ. ಆರ್‌ಎನ್‌ಎ ಅಂದರೆ ಡಿಎನ್‌ಎಯ ಸಂದೇಶ ಹೊತ್ತು ತಂದು ಪ್ರೋಟೀನ್ ಮಾಡಿಸುವ ವಸ್ತು ಅಂತಲೇ ನಾವೆಲ್ಲ ಶಾಲೆಯಲ್ಲಿ ಓದಿದ್ದು, ಅಲ್ವಾ? ಆದರೆ ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್‌ಗೆ ಮೀಸಲಾದ ಭಾಗ ಶೇ. 2ರಷ್ಟೂ ಇಲ್ಲ. ಉಳಿದದ್ದರ ಬಹುಪಾಲಿಗೆ 'ಜಂಕ್' ಎಂಬ ಹೆಸರು 1972ರಲ್ಲಿ ಸುಸುಮು ಓನೊ ಅವರಿಂದ ಬಂತು. ಹೆಸರು ಅಂಟಿಕೊಂಡೇ ಬಿಟ್ಟಿತು.

1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಪುಟಾಣಿ ಆರ್‌ಎನ್‌ಎ ತುಣುಕೊಂದರ ಕೆಲಸವನ್ನು ಪತ್ತೆಹಚ್ಚಿದರು. ಸುಮಾರು 22 ಅಕ್ಷರ, ಅಷ್ಟೇ. ಇಂಥ ತುಣುಕುಗಳಿಗೆ ಆಮೇಲೆ ಮೈಕ್ರೋಆರ್‌ಎನ್‌ಎ ಎಂಬ ಹೆಸರು ಬಂತು. ಅದು ಸಂದೇಶದ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಾಗದಂತೆ ತಡೆಯುತ್ತಿತ್ತು. ಸುಮ್ನೆ ಹುಳುವಿನ ಕಥೆ ಎಂದು ಹೆಚ್ಚಿನವರು ಪಕ್ಕಕ್ಕಿಟ್ಟರು. 2000ದಲ್ಲಿ ಮನುಷ್ಯರಲ್ಲೂ ಇರುವ ಇಂಥದೇ ಇನ್ನೊಂದು ಸಿಕ್ಕಾಗ ಎಲ್ಲರ ಕಿವಿ ನೆಟ್ಟಗಾಯಿತು. ಇಬ್ಬರಿಗೂ ನೊಬೆಲ್ ಬಂದದ್ದು 2024ರಲ್ಲಿ.

ಹೃದಯದ ಸರದಿ ಬೇಗನೆ ಬಂತು. 2005ರಲ್ಲಿ ದೀಪಕ್ ಶ್ರೀವಾಸ್ತವ ಅವರ ತಂಡ, ಇಲಿಯ ಹೃದಯ ಬೆಳೆಯುವಾಗ ಮೈಕ್ರೋಆರ್‌ಎನ್‌ಎ-1 ಏನು ಮಾಡುತ್ತದೆ ಎಂದು ತೋರಿಸಿತು. ಮರುವರ್ಷ ಡಲ್ಲಾಸ್‌ನಲ್ಲಿ ಎರಿಕ್ ಓಲ್ಸನ್ ಮತ್ತು ಈವಾ ವಾನ್ ರೂಯ್, ದಪ್ಪಗಾದ ಹೃದಯದಲ್ಲಿ ಯಾವ ಮೈಕ್ರೋಆರ್‌ಎನ್‌ಎ ಏರುತ್ತವೆ, ಯಾವುವು ಇಳಿಯುತ್ತವೆ ಎಂದು ಪಟ್ಟಿ ಮಾಡಿದರು.

2007ರಲ್ಲಿ ಅದೇ ತಂಡ ಹೇಳಿದ ಮೈಕ್ರೋಆರ್‌ಎನ್‌ಎ-208ರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಹೃದಯ ಬಡಿಯಲು ಮಯೋಸಿನ್ ಎಂಬ ಪ್ರೋಟೀನ್ ಬೇಕು. ಅದರಲ್ಲಿ ವೇಗದ್ದು ಆಲ್ಫಾ, ನಿಧಾನದ್ದು ಬೀಟಾ. ಆಲ್ಫಾ ಜೀನ್‌ನ ಒಳಗೆ, ಪ್ರೋಟೀನ್‌ಗೆ ಬೇಡವೆಂದು ಕತ್ತರಿಸಿ ಎಸೆಯುವ ತುಂಡಿನಲ್ಲಿ, ಈ 208 ಅಡಗಿ ಕೂತಿದೆ. ಹೃದಯಕ್ಕೆ ಒತ್ತಡ ಬಿದ್ದಾಗ ಬೀಟಾ ಏರುವುದಕ್ಕೆ ಇದೇ ಬೇಕು. 208 ಇಲ್ಲದ ಇಲಿಗಳ ಮಹಾಪಧಮನಿಯನ್ನು ಬಿಗಿದು ಒತ್ತಡ ಹಾಕಿದರು. ಹೃದಯ ಹೆಚ್ಚು ದಪ್ಪಗಾಗಲಿಲ್ಲ, ನಾರೂ ಅಷ್ಟಾಗಿ ಬೆಳೆಯಲಿಲ್ಲ. ಹಾಗಾದರೆ ಇದನ್ನೇ ತಡೆದರೆ ಔಷಧಿ ಸಿಕ್ಕಂತೆಯೇ? ಅಷ್ಟು ಸುಲಭವಿಲ್ಲ. ನಿಮಿಷಕ್ಕೆ 600 ಸಲ ಬಡಿಯುವ ಇಲಿಯ ಹೃದಯ ನಡೆಯುವುದು ಆಲ್ಫಾದ ಮೇಲೆ. ನಮ್ಮ ಹೃದಯದ ಕೆಳಕೋಣೆಗಳಲ್ಲಿ ಮೊದಲಿಂದಲೂ ಬೀಟಾದ್ದೇ ದರ್ಬಾರು.

ಇಲಿಗಳಲ್ಲೇ ಜಗಳವೂ ಆಯಿತು. 2008ರಲ್ಲಿ ಜರ್ಮನಿಯ ಥಾಮಸ್ ಥುಮ್ ಮತ್ತು ಸಂಗಡಿಗರು, ಮೈಕ್ರೋಆರ್‌ಎನ್‌ಎ-21 ತಡೆದರೆ ನಾರು ಕಡಿಮೆಯಾಗುತ್ತದೆ ಎಂದರು. 2010ರಲ್ಲಿ ಓಲ್ಸನ್ ತಂಡ ಆ ಜೀನನ್ನೇ ತೆಗೆದ ಇಲಿಗಳನ್ನು ತಯಾರಿಸಿತು. ಒತ್ತಡ ಹಾಕಿದಾಗ ಅವುಗಳ ಹೃದಯವೂ ಬೇರೆ ಇಲಿಗಳದ್ದರಂತೆಯೇ ಕೆಟ್ಟಿತು. ಪ್ರೋಟೀನ್ ಮಾಡದ ಉದ್ದನೆಯ ಆರ್‌ಎನ್‌ಎಗಳೂ ಇವೆ, ಅವುಗಳ ಕಥೆ ಇನ್ನೂ ತೊಡಕು. 2013ರಲ್ಲಿ ಇಲಿಯ ಕೋಶಗಳಲ್ಲಿ ಸಿಕ್ಕ 'ಬ್ರೇವ್‌ಹಾರ್ಟ್' ಇಲ್ಲದಿದ್ದರೆ ಹೃದಯ ಕೋಶವೇ ರೂಪುಗೊಳ್ಳುವುದಿಲ್ಲ. ಮನುಷ್ಯರಲ್ಲಿ ಮಾತ್ರ ಅದರ ಜೋಡಿ ಕಂಡೇ ಇಲ್ಲ.

ಥುಮ್ ಬಿಡಲಿಲ್ಲ. ಮೈಕ್ರೋಆರ್‌ಎನ್‌ಎ-132 ತಡೆಯುವ ಔಷಧಿಯನ್ನು ಹಂದಿಗಳಲ್ಲಿ ಪರೀಕ್ಷಿಸಿ, ಆಮೇಲೆ 28 ಹೃದಯ ವೈಫಲ್ಯದ ರೋಗಿಗಳವರೆಗೆ ಒಯ್ದರು. ಅವರ ಕಂಪನಿ ಕಾರ್ಡಿಯೋರ್ ಅನ್ನು ಡೆನ್ಮಾರ್ಕ್‌ನ ಔಷಧಿ ಕಂಪನಿ ನೊವೊ ನಾರ್ಡಿಸ್ಕ್ ಕೊಳ್ಳುವುದಾಗಿ ಘೋಷಿಸಿದ್ದು 2024ರ ಮಾರ್ಚ್‌ನಲ್ಲಿ, ನೂರು ಕೋಟಿ ಯೂರೋ ದಾಟಬಹುದಾದ ಬೆಲೆಗೆ.

ಆದರೆ ಅಮೆರಿಕದಲ್ಲಿ 2025ರ ಮಾರ್ಚ್‌ನಲ್ಲಿ ಹೃದಯ ಸ್ನಾಯು ರೋಗವೊಂದಕ್ಕೆ ಒಪ್ಪಿಗೆ ಪಡೆದ ಪುಟ್ಟ ಆರ್‌ಎನ್‌ಎ ಔಷಧಿ ಬೇರೆ: ವುಟ್ರಿಸಿರಾನ್. ಅಮೈಲಾಯ್ಡ್ ಎಂಬ ಕೆಟ್ಟ ಪ್ರೋಟೀನ್ ಹೃದಯದಲ್ಲಿ ಶೇಖರವಾಗುವ ರೋಗಕ್ಕೆ ಮೂರು ತಿಂಗಳಿಗೊಂದು ಚುಚ್ಚುಮದ್ದು. ತಮಾಷೆ ಎಂದರೆ ಅದು ಕೆಲಸ ಮಾಡುವುದು ಹೃದಯದಲ್ಲಲ್ಲ, ಆ ಪ್ರೋಟೀನ್ ಹುಟ್ಟುವ ಲಿವರ್‌ನಲ್ಲಿ. ಲಿವರ್ ಕೋಶಗಳು ಗುರುತಿಸುವ ಒಂದು ಸಕ್ಕರೆಯನ್ನು ಔಷಧಿಗೆ ಅಂಟಿಸಿದರೆ ಅದು ಸೀದಾ ಅಲ್ಲಿಗೇ ಹೋಗುತ್ತದೆ. ಹೃದಯದ ಕೋಶಕ್ಕೆ ಅಷ್ಟು ನೇರವಾದ ದಾರಿಗಾಗಿ ಲ್ಯಾಬ್‌ಗಳು ಈಗ ಒಂದೊಂದೇ ಅಣುವನ್ನು ಅಂಟಿಸಿ ನೋಡುತ್ತಿವೆ.