ಕರ್ನಾಟಕ, ಕೇರಳ: ಎಲ್ಲಿ ಬದುಕು ದುಬಾರಿ?

ಅರ್ಥಶಾಸ್ತ್ರ ಓದುವವರು ಇಲ್ಲಿ ತುಂಬಾ ಸಲ ಎಡವುತ್ತಾರೆ. ಆಗಸ್ಟ್ 2025ರಲ್ಲಿ ಕೇರಳದ ಹಣದುಬ್ಬರ 9.04%, ಕರ್ನಾಟಕದ್ದು 3.81%. ಇದನ್ನು ನೋಡಿದ ತಕ್ಷಣ ಕೇರಳವೇ ದುಬಾರಿ ಎಂದು ಬರೆದುಬಿಡುತ್ತಾರೆ. ಆದರೆ ಈ ಅಂಕಿ ಹೇಳುವುದು ಅದನ್ನಲ್ಲ. ಒಂದು ರಾಜ್ಯದ ಬೆಲೆ ಅದೇ ರಾಜ್ಯದ ಹಿಂದಿನ ವರ್ಷದ ಬೆಲೆಗಿಂತ ಎಷ್ಟು ಏರಿತು, ಅಷ್ಟೇ. ಹಣದುಬ್ಬರ ಅಳೆಯುವ ಆ ಬೆಲೆ ಸೂಚ್ಯಂಕದಲ್ಲಿ 2012ರ ಬೆಲೆಯನ್ನು ಎರಡೂ ರಾಜ್ಯಕ್ಕೆ 100 ಎಂದು ಹಿಡಿದಿದ್ದರು. ಆಗ ಕಾಸರಗೋಡಿನಲ್ಲಿ ಅಕ್ಕಿ ಮಂಗಳೂರಿಗಿಂತ ಜಾಸ್ತಿ ಇತ್ತೋ ಕಡಿಮೆ ಇತ್ತೋ ಅದರಿಂದ ಗೊತ್ತಾಗುವುದಿಲ್ಲ.

ಹಾಗಾದರೆ ಖರ್ಚಿನ ಲೆಕ್ಕ ನೋಡೋಣ ಅಂತೀರಾ? 2022-23ರ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು ಕೇರಳದಲ್ಲಿ 5,924 ರೂ., ಕರ್ನಾಟಕದಲ್ಲಿ 4,397 ರೂ. ಪಟ್ಟಣಕ್ಕೆ ಬಂದರೆ ಲೆಕ್ಕ ತಿರುಗಾಮುರುಗಾ: ಕೇರಳ 7,078, ಕರ್ನಾಟಕ 7,666. ನಮ್ಮಲ್ಲಿ ಹಳ್ಳಿಗೂ ಪಟ್ಟಣಕ್ಕೂ ಅಂತರ ಸುಮಾರು 74%, ಅವರಲ್ಲಿ 20% ಕೂಡ ಇಲ್ಲ. ಕೇರಳದಲ್ಲಿ ಹಳ್ಳಿ ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ ಅಲ್ವಾ? ಆದರೂ ಇದು ಜನ ಎಷ್ಟು ಖರ್ಚು ಮಾಡಿದರು ಎಂಬ ಲೆಕ್ಕ. ಕೈಯಲ್ಲಿ ಕಾಸು ಇದ್ದವರು ಜಾಸ್ತಿ ಕೊಳ್ಳುತ್ತಾರೆ. ಬೆಲೆ ಹೆಚ್ಚು ಎನ್ನುವುದಕ್ಕೆ ಇದೊಂದೇ ಸಾಕ್ಷಿ ಸಾಲದು.

ನನ್ನ ಪ್ರಕಾರ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಯಾರೂ ಎತ್ತಿಕೊಳ್ಳದ ಒಂದು ಹಳೇ ಅಂಕಿ: ಅರ್ಥಶಾಸ್ತ್ರಜ್ಞ ಸುರೇಶ್ ತೆಂಡೂಲ್ಕರ್ ಸಮಿತಿಯ ವಿಧಾನದ ಬಡತನ ರೇಖೆ. ಕನಿಷ್ಠ ಬದುಕಿಗೆ ಆಯಾ ರಾಜ್ಯದ ಬೆಲೆಯಲ್ಲಿ ಎಷ್ಟು ದುಡ್ಡು ಬೇಕು ಎಂದು ಅದು ಲೆಕ್ಕ ಹಾಕುತ್ತದೆ. 2011-12ರಲ್ಲಿ ಒಬ್ಬರಿಗೆ ತಿಂಗಳಿಗೆ ಕರ್ನಾಟಕದ ಹಳ್ಳಿಯಲ್ಲಿ 902 ರೂ., ಪಟ್ಟಣದಲ್ಲಿ 1,089 ರೂ. ಕೇರಳದಲ್ಲಿ ಹಳ್ಳಿಗೆ 1,018, ಪಟ್ಟಣಕ್ಕೆ 987. ಹೌದು, ಅಲ್ಲಿ ಹಳ್ಳಿಯ ರೇಖೆಯೇ ಮೇಲೆ! ಹಾಗಾಗಿ 'ಯಾವ ರಾಜ್ಯ ದುಬಾರಿ' ಎಂಬ ಪ್ರಶ್ನೆ ಬಂದರೆ, ಹಳ್ಳಿಯಲ್ಲೋ ಪಟ್ಟಣದಲ್ಲೋ ಎಂದು ಮೊದಲು ಬಿಡಿಸಿಕೊಂಡೇ ಉತ್ತರ ಬರೆಯಿರಿ.

ಬೆಲೆ ಬೇರೆಯಾಗುವುದು ಎಲ್ಲಿ? ಸೋಪು, ಬಿಸ್ಕತ್ತಿನಲ್ಲಿ ಅಲ್ಲ. ಜಿಎಸ್‌ಟಿ ಎರಡೂ ಕಡೆ ಒಂದೇ. ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ. ತಲಪಾಡಿ ಗಡಿಯ ಆಚೆ, ಕೇರಳದಲ್ಲಿ, ಅದು ತುಟ್ಟಿ, ಆದರೆ ಕಾರಣ ಮಾರಾಟ ತೆರಿಗೆ ಅಲ್ಲ. ಜೂನ್ 2024ರ ಏರಿಕೆಯ ನಂತರ ಕರ್ನಾಟಕದ ದರ 29.84%, ಕೇರಳದ್ದು 30.08%. ಹೆಚ್ಚುಕಡಿಮೆ ಸಮ. ಕೇರಳ ಅದರ ಮೇಲೆ ಬೇರೆ ಸೆಸ್‌ಗಳನ್ನೂ ಹಾಕುತ್ತದೆ. 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂ. ಸಾಮಾಜಿಕ ಭದ್ರತಾ ಸೆಸ್ ಕೂಡ ಸೇರಿತು.

ಇದಕ್ಕಿಂತ ದೊಡ್ಡ ಕಾರಣ ಕೂಲಿ. ಆರ್‌ಬಿಐ ಅಂಕಿಗಳ ಪ್ರಕಾರ 2022-23ರಲ್ಲಿ ಕೇರಳದ ಹಳ್ಳಿಯ ಕಟ್ಟಡ ಕಾರ್ಮಿಕರ ದಿನಗೂಲಿ 852 ರೂ., ದೇಶದ ಸರಾಸರಿ 393. ಅಲ್ಲಿ ಗೋಡೆ ಕಟ್ಟಿಸಿದರೂ ತೆಂಗಿನಕಾಯಿ ಕೀಳಿಸಿದರೂ ಬಿಲ್ಲು ಏರುವುದು ಇದರಿಂದಲೇ. ಇಲ್ಲಿ ನರೇಗಾ ಕೂಲಿಯನ್ನು ಮಾತ್ರ ತರಬೇಡಿ. 2024-25ರಲ್ಲಿ ಅದು ಕರ್ನಾಟಕದಲ್ಲಿ 349, ಕೇರಳದಲ್ಲಿ 346. ಆ ದರವನ್ನು ಕೇಂದ್ರ ಸರ್ಕಾರ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕದ ಮೇಲೆ ಪರಿಷ್ಕರಿಸುತ್ತಿತ್ತು, ಊರಿನ ಕೂಲಿ ನೋಡಿ ಅಲ್ಲ.