ಮಾರ್ವಾಡಿ ಅಂದ್ರೆ ರಾಜಸ್ಥಾನಿನಾ?

ಪ್ರಶ್ನೆ: ನಮ್ಮ ಬೀದಿಯ ಅಂಗಡಿಯವರು ಮನೆಯಲ್ಲಿ ಮಾರ್ವಾಡಿ ಮಾತಾಡ್ತೀವಿ ಅಂತಾರೆ. ಕೋಟಾದಲ್ಲಿ ಓದುತ್ತಿರುವ ಮಗ ಅಲ್ಲಿನವರದು ಹಾಡೋತಿ ಅಂತಾನೆ. ಹಾಗಾದ್ರೆ ರಾಜಸ್ಥಾನಿ ಅನ್ನೋ ಭಾಷೆ ಯಾವುದು?

ಉತ್ತರ: ಇಬ್ಬರೂ ಹೇಳಿದ್ದು ಸರಿ. ರಾಜಸ್ಥಾನಿ ಅನ್ನೋದು ಒಂದು ಗುಂಪಿನ ಹೆಸರು. 1908ರಲ್ಲಿ ಪ್ರಕಟವಾದ ತಮ್ಮ ಭಾಷಾ ಸಮೀಕ್ಷೆಯ ಸಂಪುಟದಲ್ಲಿ ಭಾಷಾತಜ್ಞ ಗ್ರಿಯರ್ಸನ್ ಈ ಮಾತುಗಳನ್ನೆಲ್ಲ ಈ ಹೆಸರಿನಡಿ ತಂದರು. ಊರ ಜನರನ್ನು ಕೇಳಿ ನೋಡಿ, ತಮ್ಮ ಸೀಮೆಯ ಹೆಸರನ್ನೇ ಹೇಳ್ತಾರೆ.

ಸೀಮೆಗಳೂ ಹಳೆಯ ಸಂಸ್ಥಾನಗಳ ಕಾಲದವು. ಅರಾವಳಿಯ ಪಶ್ಚಿಮಕ್ಕೆ ಜೋಧಪುರ, ಬಾಡ್ಮೇರ್, ನಾಗೌರ್, ಪಾಲಿ ಕಡೆ ಮಾರ್ವಾಡಿ. ಉದಯಪುರ, ಚಿತ್ತೋಡ್, ಭೀಲ್ವಾಡಾದಲ್ಲಿ ಮೇವಾಡಿ. ಜೈಪುರ, ದೌಸಾ, ಟೋಂಕ್ ಕಡೆ ಢೂಂಢಾಡಿ. ಕೋಟಾ, ಬೂಂದಿಗಳಲ್ಲಿ ಹಾಡಾ ಚೌಹಾಣರು ಆಳಿದ್ದರಿಂದ ಆ ಸೀಮೆ ಹಾಡೋತಿ, ಅಲ್ಲಿನ ಮಾತೂ ಹಾಡೋತಿ. ಸೀಕರ್, ಝುಂಝುನೂ ಕಡೆಯದು ಶೇಖಾವಟಿ, ಅಲ್ವರ್ ಸುತ್ತ ಮೇವಾತಿ. ಇನ್ನು ಡೂಂಗರ್‌ಪುರ, ಬಾಂಸ್ವಾಡಾದ ವಾಗಡಿಯನ್ನು ಕೆಲವರು ಭೀಲ್ ಬುಡಕಟ್ಟಿನವರ ಭೀಲಿ ಭಾಷೆಗಳ ಜೊತೆ ಇಡ್ತಾರೆ. ಗುಜರಾತಿಗೆ ತುಂಬಾ ಹತ್ತಿರದ ಮಾತು ಅದು.

ವ್ಯತ್ಯಾಸ ಗೊತ್ತಾಗೋದು ಚಿಕ್ಕ ಚಿಕ್ಕ ಜಾಗದಲ್ಲಿ. 'ರಾಮನ ಮನೆ' ಅನ್ನೋದಕ್ಕೆ ಜೋಧಪುರದವರು 'ರಾಮ್ ರೋ ಘರ್' ಅಂದರೆ ಜೈಪುರದ ಕಡೆಯವರು 'ರಾಮ್ ಕೋ ಘರ್' ಅಂತಾರೆ. 'ಇದೆ' ಅನ್ನೋದಕ್ಕೆ ಜೋಧಪುರದಲ್ಲಿ 'ಹೈ', ಜೈಪುರದಲ್ಲಿ 'ಛೈ'. ಆದರೂ ನಮ್ಮ ಕಿವಿಗೆ ಮೊದಲು ಬೀಳೋದು ಬೇರೆಯದೇ: ಕಪ್ಪಿಗೆ ಹಿಂದಿಯವರು 'ಕಾಲಾ' ಅಂದರೆ ಇವರು 'ಕಾಳೋ' ಅಂತಾರೆ. ನಮ್ಮ ಳಕಾರವೇ! ಇದನ್ನು ಸುಮ್ನೆ ಹಿಂದಿಯ ಹಳ್ಳಿ ರೂಪ ಅನ್ನೋದು ನನಗಂತೂ ಒಪ್ಪಿಗೆಯಾಗೋದಿಲ್ಲ.

ಸರಕಾರದ ಲೆಕ್ಕ ಮಾತ್ರ ಹಾಗೇ ಇದೆ. 2011ರ ಜನಗಣತಿಯಲ್ಲಿ ಸುಮಾರು 2.58 ಕೋಟಿ ಜನ ತಾಯ್ನುಡಿ ರಾಜಸ್ಥಾನಿ ಅಂತ, 78 ಲಕ್ಷ ಜನ ಮಾರ್ವಾಡಿ ಅಂತ ಬರೆಸಿದರು. ಎರಡನ್ನೂ ಹಿಂದಿಯ ಕೆಳಗೇ ಸೇರಿಸಿದರು. ರಾಜಸ್ಥಾನಿಯನ್ನು ಸಂವಿಧಾನದ ಎಂಟನೇ ಅನುಸೂಚಿಗೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ, ಸೇರಿಸಿ ಅಂತ ರಾಜಸ್ಥಾನ ವಿಧಾನಸಭೆ 2003ರಲ್ಲೇ ನಿರ್ಣಯ ಮಾಡಿತ್ತು, ಇನ್ನೂ ಆಗಿಲ್ಲ. ಸಾಹಿತ್ಯ ಅಕಾಡೆಮಿಯಾದರೆ ರಾಜಸ್ಥಾನಿಗೆ ಬೇರೆಯಾಗಿಯೇ ಪ್ರಶಸ್ತಿ ಕೊಡುತ್ತದೆ. ಹಾಗೆ ಅನುಸೂಚಿಗೆ ಸೇರಿಸೋದಕ್ಕೆ ಅಡ್ಡಿ ಹೇಳುವವರು ಕೇಳೋ ಪ್ರಶ್ನೆಯೂ ಇದೆ: ಶಾಲೆ ಪುಸ್ತಕ ಯಾರ ಮಾತಲ್ಲಿ ಬರಬೇಕು? ಹಳೆ ಸಾಹಿತ್ಯ ಜಾಸ್ತಿ ಇರೋದು ಮಾರ್ವಾಡಿಯಲ್ಲಿ. ಅದನ್ನೇ ಮಾದರಿ ಮಾಡಿದರೆ ಕೋಟಾದವರು ಒಪ್ಪಬೇಕಲ್ವಾ?

ಅಂದ ಹಾಗೆ, ಈ ಮಾತಿನ ಬಳಗ ನಮ್ಮ ಹಳ್ಳಿಗಳಲ್ಲೂ ಇದೆ. ವಿಜಯಪುರ, ಕಲಬುರಗಿ, ದಾವಣಗೆರೆ ಕಡೆಯ ತಾಂಡಾಗಳ ಲಂಬಾಣಿ ಮಾತನ್ನೂ ಭಾಷಾತಜ್ಞರು ರಾಜಸ್ಥಾನಿಗೆ ಹತ್ತಿರದ್ದು ಅಂತಾರೆ. ಅದರಲ್ಲಿ ಜೋಧಪುರದ 'ರೋ' ಕೂಡ ಇದೆ, ಜೈಪುರದ ಕಡೆಯ 'ಛ'ವೂ ಇದೆ. ಜನಗಣತಿಯವರು ಅದನ್ನೂ ಹಿಂದಿ ಪಟ್ಟಿಯಲ್ಲೇ ಇಟ್ಟಿದ್ದಾರೆ.