ಶಿರಸಿಯಲ್ಲಿ ಗರಿಗರಿ, ಕಾರವಾರದಲ್ಲಿ ಅಂಟಂಟು: ಕ್ಯಾರಮೆಲ್ ಪಾಪ್‌ಕಾರ್ನ್ ಮತ್ತು ಟಾಫಿ ಟಿಪ್ಪಣಿ

ಶಿರಸಿಯ ತವರುಮನೆಯಲ್ಲಿ ಕ್ಯಾರಮೆಲ್ ಪಾಪ್‌ಕಾರ್ನ್ ಮಾಡಿದರೆ ವಾರವಿಡೀ ಕರಕರ ಅನ್ನುತ್ತಿತ್ತು. ಕಾರವಾರಕ್ಕೆ ಬಂದು ಅದನ್ನೇ ಮಾಡಿದೆ. ಮರುದಿನ ಡಬ್ಬಿ ತೆರೆದರೆ ಎಲ್ಲಾ ಒಂದೇ ಮುದ್ದೆ. ಅದೇ ಸಕ್ಕರೆ, ಅದೇ ಬೆಣ್ಣೆ, ಅದೇ ಥರ್ಮಾಮೀಟರ್. ಹಾಗಾದರೆ ಬದಲಾದದ್ದೇನು? ಅದನ್ನು ಹುಡುಕುತ್ತಾ ಬರೆದುಕೊಂಡ ಟಿಪ್ಪಣಿ ಇದು. ನನ್ನ ಹಾಗೆ ಮನೆಯಲ್ಲೇ ಕಲಿಯುತ್ತಿರುವವರಿಗೆ ಉಪಯೋಗವಾಗಲಿ ಅಂತ ಬಿಡಿಸಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ತಿಂಡಿ ಪೂರ್ತಿ ನೀರಿನ ಲೆಕ್ಕ. ಕಾಳಿನೊಳಗಿನ ನೀರು ಉಳಿಯಬೇಕು. ಪಾಕದ ನೀರು ಹೋಗಬೇಕು. ಗಾಳಿಯ ನೀರು ಹತ್ತಿರ ಬರಬಾರದು. ಯಾವ ತಪ್ಪನ್ನು ಹಿಡಿದು ನೋಡಿದರೂ ಈ ಮೂರರಲ್ಲಿ ಒಂದು ಕೆಟ್ಟಿರುತ್ತದೆ.

ಕಾಳು

ಮುಂಡಗೋಡ, ಹಳಿಯಾಳ ಕಡೆ ಗೋವಿನ ಜೋಳ (ಮೆಕ್ಕೆಜೋಳ) ಬೇಕಾದಷ್ಟು ಬೆಳೆಯುತ್ತಾರೆ. ಒಮ್ಮೆ ಅದನ್ನೇ ಹುರಿದು ನೋಡಿದೆ. ಸೀದು ಕಪ್ಪಾಯಿತೇ ಹೊರತು ಅರಳಲಿಲ್ಲ. ಪಾಪ್‌ಕಾರ್ನ್ ಆಗುವುದು ಗೋವಿನ ಜೋಳದ ಬೇರೆಯೇ ತಳಿ. ಅದರ ಕಾಳು ಸಣ್ಣ, ಸಿಪ್ಪೆ ತುಂಬಾ ಗಟ್ಟಿ, ಉಗಿ ಸೋರಲು ಬಿಡುವುದಿಲ್ಲ. ಕಾಳಿನ ತೂಕದಲ್ಲಿ ಶೇಕಡಾ 14ರಷ್ಟು ನೀರಿರುತ್ತದೆ. ಬಿಸಿಯಾದಂತೆ ಆ ನೀರು ಉಗಿಯಾಗಿ ಒಳಗಿನ ಹಿಟ್ಟನ್ನು ಬೇಯಿಸಿ ಮೆತ್ತಗೆ ಮಾಡುತ್ತದೆ. ಸುಮಾರು 180 ಡಿಗ್ರಿಗೆ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ 9 ಪಟ್ಟು ಮುಟ್ಟುತ್ತದೆ. ನಮ್ಮ ಕುಕ್ಕರ್‌ನಲ್ಲಿ ಆಗುವುದು ಬರೀ 2 ಪಟ್ಟು, ನೆನಪಿರಲಿ. ಸಿಪ್ಪೆ ಒಡೆಯುತ್ತದೆ, ಹಿಟ್ಟು ನೊರೆಯಂತೆ ಉಬ್ಬಿ ಅಲ್ಲೇ ಗಟ್ಟಿಯಾಗುತ್ತದೆ.

ಆದ್ದರಿಂದ ಹಳೇ ಕಾಳು ಅರಳದಿದ್ದರೆ ಅದು ಒಣಗಿದೆ ಅಂತ ಅರ್ಥ. ಬಿಸಾಡಬೇಡಿ. ಮೂರು ಕಪ್ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಬಾಟಲಿಯ ಮುಚ್ಚಳ ಬಿಗಿದು, ಆಗಾಗ ಕುಲುಕುತ್ತಾ ಎರಡು ಮೂರು ದಿನ ಇಡಿ. ಮತ್ತೆ ಅರಳುತ್ತದೆ.

ಹುರಿಯಲು ನಾನು ಬಳಸುವುದು ತುಪ್ಪ. ಬೆಣ್ಣೆಯಲ್ಲಿ ಹಾಲಿನ ಅಂಶ ಇರುವುದರಿಂದ ಈ ಬಿಸಿಗೆ ಕರಟುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಮೊದಲು ಮೂರೇ ಕಾಳು ಹಾಕಿ. ಅವು ಸಿಡಿದ ಮೇಲೆ ಉಳಿದದ್ದು ಹಾಕಿ, ಪಾತ್ರೆಯನ್ನು ಅರ್ಧ ನಿಮಿಷ ಒಲೆಯಿಂದ ಕೆಳಗಿಡಿ. ಎಲ್ಲ ಕಾಳೂ ಒಂದೇ ಸಮ ಬಿಸಿಯಾಗುತ್ತವೆ. ಮತ್ತೆ ಒಲೆಗಿಟ್ಟಾಗ ಒಟ್ಟಿಗೇ ಸಿಡಿಯುತ್ತವೆ. ಮುಚ್ಚಳ ಒಂಚೂರು ಸರಿದಿರಲಿ, ಉಗಿ ಹೊರಗೆ ಹೋಗಬೇಕು. ಬಿಗಿಯಾಗಿ ಮುಚ್ಚಿದರೆ ಅದೇ ಉಗಿ ಅರಳನ್ನು ಒದ್ದೆ ಮಾಡಿ ಚರ್ಮದ ಹಾಗೆ ಮಾಡುತ್ತದೆ. ಅರಳದ ಕಾಳನ್ನು ಒಂದೂ ಬಿಡದೆ ಆರಿಸಿ ತೆಗೆಯಿರಿ. ಪಾಕ ಸುತ್ತಿಕೊಂಡ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೇ ಪೆಟ್ಟು.

ಪಾಕ

ಇಲ್ಲಿ ನಾವು ಹೊಸದಾಗಿ ಕಲಿಯುವುದು ಕಡಿಮೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತವರಿಗೆ ಅರ್ಧ ಪಾಠ ಆಗಲೇ ಗೊತ್ತು. ಕಬ್ಬಿನ ಹಾಲು ಕುದಿಯುತ್ತಾ ಹೋದಂತೆ ನೀರು ಆರುತ್ತದೆ, ಸಿಹಿ ದಟ್ಟವಾಗುತ್ತದೆ. ದಟ್ಟವಾದಷ್ಟೂ ಕುದಿಯುವ ಬಿಸಿ ಏರುತ್ತದೆ. ಸುಮಾರು 105 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಿದರೆ ಜೋನಿಬೆಲ್ಲ, ಅಂದರೆ ಸುರಿಯಲು ಬರುವ ನೀರು ಬೆಲ್ಲ. ಇನ್ನೂ ಕಾಯಿಸಿ 118ರ ಆಸುಪಾಸಿಗೆ ತಂದರೆ ಅಚ್ಚಿನ ಬೆಲ್ಲ. ಅಂದರೆ ಥರ್ಮಾಮೀಟರ್ ತೋರಿಸುವ ಅಂಕೆ ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅಂತ ಹೇಳುತ್ತಿರುತ್ತದೆ. ಈ ಒಂದು ಮಾತು ತಲೆಗೆ ಹೋದ ದಿನ ನನಗೆ ಉಳಿದದ್ದೆಲ್ಲ ಸುಲಭವಾಯಿತು.

ಸಕ್ಕರೆ ಪಾಕಕ್ಕೂ ಅದೇ ದಾರಿ. 112ರಿಂದ 116 ಡಿಗ್ರಿ ಅಂದರೆ ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಮೆತ್ತನೆ ಉಂಡೆಯಾಗುತ್ತದೆ. ಆಗ ಸುಮಾರು ಶೇಕಡಾ 15 ನೀರು ಉಳಿದಿರುತ್ತದೆ. 121 ದಾಟಿದರೆ ಗಟ್ಟಿ ಉಂಡೆ. 146ರಿಂದ 154ಕ್ಕೆ ಬಂದಾಗ ಹನಿ ನೀರಿನಲ್ಲಿ ಗಾಜಿನ ಚೂರಿನಂತಾಗಿ, ಮುರಿದರೆ ಟಕ್ ಅನ್ನುತ್ತದೆ. ಉಳಿದ ನೀರು ಶೇಕಡಾ 1ರಷ್ಟು ಮಾತ್ರ. ನಮಗೆ ಬೇಕಾದದ್ದು ಇದೇ ಹದ. ಥರ್ಮಾಮೀಟರ್ ಇಲ್ಲದಿದ್ದರೂ ತಣ್ಣೀರಿನ ಬಟ್ಟಲು ಸಾಕು. ಹನಿ ಹಲ್ಲಿಗೆ ಅಂಟಿದರೆ ಇನ್ನೂ ಕಾಯಿಸಬೇಕು. ಗಡಿಬಿಡಿಯಲ್ಲಿ ಉರಿ ಜೋರು ಮಾಡಿದಾಗೆಲ್ಲ ಆಯಿ ಹೇಳುತ್ತಿದ್ದಳು, "ಅವಸರ ಮಾಡಡ ತಂಗಿ, ಪಾಕ ತಾನೇ ಹೇಳ್ತು."

ಈಗ ಶಿರಸಿ ಮತ್ತು ಕಾರವಾರದ ವಿಷಯ. ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಪ್ರತಿ 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. ಹಾಗಾಗಿ ಶಿರಸಿಯಲ್ಲಿ ನೀರು 98ಕ್ಕೇ ಕುದಿಯುತ್ತದೆ, ಕಾರವಾರದಲ್ಲಿ 100ಕ್ಕೆ. ಪಾಕವೂ ಹಾಗೆಯೇ. ಶಿರಸಿಯಲ್ಲಿ 146ಕ್ಕೆ ಸಿಗುವ ಹದ ಕಾರವಾರದಲ್ಲಿ ಸಿಗುವುದು 148ಕ್ಕೆ. ನಾನು ಘಟ್ಟ ಇಳಿದು ಬಂದರೂ ಹಳೇ ಅಂಕೆಗೇ ಒಲೆ ಆರಿಸುತ್ತಿದ್ದೆ. ಪ್ರತಿ ಸಲವೂ ಪಾಕದಲ್ಲಿ ಒಂಚೂರು ನೀರು ಜಾಸ್ತಿ ಉಳಿಯುತ್ತಿತ್ತು. ಅದರ ಮೇಲೆ ಕಡಲ ಗಾಳಿ ಬೇರೆ. ಮುದ್ದೆಯಾಗದೆ ಇನ್ನೇನು?

ನಿಮ್ಮ ಥರ್ಮಾಮೀಟರ್ ಅನ್ನು ಮೊದಲು ಕುದಿಯುವ ನೀರಿನಲ್ಲಿ ಇಟ್ಟು ನೋಡಿ. ಅಲ್ಲಿ ಕಂಡ ಅಂಕೆ 100ಕ್ಕಿಂತ ಎಷ್ಟು ಕಡಿಮೆಯೋ, ಪುಸ್ತಕದಲ್ಲಿ ಓದಿದ ಹದದ ಅಂಕೆಯಿಂದ ಅಷ್ಟನ್ನೇ ಕಳೆಯಿರಿ. ಈಗ ನಾನು ಕಾರವಾರದಲ್ಲಿ 150ಕ್ಕೆ ನಿಲ್ಲಿಸುತ್ತೇನೆ.

ಇನ್ನೊಂದು ತೊಂದರೆ, ಪಾಕ ಮರಳು ಮರಳಾಗುವುದು. ಪಾತ್ರೆಯ ಬದಿಗೆ ಅಂಟಿದ ಒಂದು ಸಕ್ಕರೆ ಹರಳು ಒಳಗೆ ಬಿದ್ದರೂ ಸಾಕು, ಉಳಿದ ಸಕ್ಕರೆಯೂ ಅದರ ಹಿಂದೆಯೇ ಹರಳುಗಟ್ಟುತ್ತದೆ. ಒದ್ದೆ ಬ್ರಶ್‌ನಿಂದ ಬದಿ ತೊಳೆಯುವುದು ಒಂದು ಉಪಾಯ. ಬೇರೆ ಜಾತಿಯ ಸಿಹಿ ಸೇರಿಸುವುದು ಇನ್ನೊಂದು. ವಿದೇಶದ ಅಡುಗೆಗಳಲ್ಲಿ ಜೋಳದ ಸಿರಪ್ ಹಾಕುತ್ತಾರೆ. ನಮಗೆ ಜೋನಿಬೆಲ್ಲ ಇದೆಯಲ್ಲ! ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇರುವುದರಿಂದ ಸಕ್ಕರೆಯ ಕಣಗಳು ಸಾಲಾಗಿ ಕೂರಲು ಬಿಡುವುದಿಲ್ಲ. ನಾಲ್ಕು ಹನಿ ಲಿಂಬೆರಸವೂ ಇದೇ ಕೆಲಸ ಮಾಡುತ್ತದೆ. ಆದರೆ ಕೈ ಹಿಡಿತದಲ್ಲಿರಲಿ. ಗ್ಲೂಕೋಸ್, ಫ್ರಕ್ಟೋಸ್ ಎರಡೂ ಗಾಳಿಯ ತೇವವನ್ನು ಸಕ್ಕರೆಗಿಂತ ಬೇಗ ಎಳೆದುಕೊಳ್ಳುತ್ತವೆ. ರುಚಿಯಾಗುತ್ತದೆ ಅಂತ ನಾನು ಒಮ್ಮೆ ಪೂರ್ತಿ ಜೋನಿಬೆಲ್ಲದಲ್ಲೇ ಮಾಡಿದ್ದೆ. ಸಂಜೆಯೊಳಗೆ ಅಂಟಾಯಿತು.

ಸೋಡಾ

ಮಾರಿಕಾಂಬಾ ಜಾತ್ರೆಯ ಬತ್ತಾಸು ತಿಂದಿದ್ದೀರಲ್ಲ? ಬಾಯಲ್ಲಿಟ್ಟರೆ ಕರಗುವುದು ಅದರೊಳಗಿನ ಗಾಳಿಗುಳ್ಳೆಗಳಿಂದ. ಬಿಸಿ ಪಾಕಕ್ಕೆ ಅಡುಗೆ ಸೋಡಾ ಬಿದ್ದರೆ ಕಾರ್ಬನ್ ಡೈಆಕ್ಸೈಡ್ ಹೊರಟು ಪಾಕ ನೊರೆಯಾಗುತ್ತದೆ. ನೊರೆ ಪಾಕ ಹಗುರ, ಅರಳಿನ ಮೇಲೆ ತೆಳುವಾಗಿ ಹರಡುತ್ತದೆ, ಕಚ್ಚಿದರೆ ಸುಲಭವಾಗಿ ಮುರಿಯುತ್ತದೆ. ಬಣ್ಣವೂ ಗಾಢವಾಗುತ್ತದೆ. ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ.

ಮಾಡುವ ಬಗೆ

100 ಗ್ರಾಂ ಕಾಳು ಅರಳಿಸಿ ದೊಡ್ಡ ಪಾತ್ರೆಗೆ ಹಾಕಿಡಿ. ಬೇರೆ ದಪ್ಪ ತಳದ, ಆಳವಾದ ಪಾತ್ರೆಯಲ್ಲಿ 200 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ, 2 ದೊಡ್ಡ ಚಮಚ ಜೋನಿಬೆಲ್ಲ, 3 ಚಮಚ ನೀರು ಹಾಕಿ ಮಧ್ಯಮ ಉರಿಯಲ್ಲಿ ಕರಗಿಸಿ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆ ಹೋಗುವವರೆಗೆ ತೊಳೆದಿರಬೇಕು. ಕುದಿ ಬಂದ ಮೇಲೆ ಸುಮ್ನೆ ಕಲಕುತ್ತಾ ಇರಬೇಡಿ, ತಳ ಹಿಡಿಯದಷ್ಟು ಆಗಾಗ ತಿರುವಿದರೆ ಸಾಕು. 150ಕ್ಕೆ ಬಂದ ಕೂಡಲೇ ಒಲೆ ಆರಿಸಿ, ಅರ್ಧ ಚಿಕ್ಕ ಚಮಚ ಉಪ್ಪು, ಅರ್ಧ ಚಿಕ್ಕ ಚಮಚ ಸೋಡಾ, ಏಲಕ್ಕಿ ಪುಡಿ ಹಾಕಿ. ನೊರೆ ಉಕ್ಕುತ್ತದೆ, ಆಳವಾದ ಪಾತ್ರೆ ಬೇಕೆಂದದ್ದು ಅದಕ್ಕೇ. ತಕ್ಷಣ ಅರಳಿನ ಮೇಲೆ ಸುರಿದು, ತುಪ್ಪ ಸವರಿದ ಎರಡು ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಬೆರೆಸಿ. ಉಪ್ಪಿಗೆ ನಾನು ಸಾಣಿಕಟ್ಟೆಯ ಹರಳುಪ್ಪನ್ನೇ ಕುಟ್ಟಿ ಹಾಕುತ್ತೇನೆ. ಉಪ್ಪಿಲ್ಲದೆ ಈ ಸಿಹಿ ಮುಖಕ್ಕೆ ಹೊಡೆಯುತ್ತದೆ.

ಓವನ್ ಇದ್ದವರು ಬೆರೆಸಿದ್ದನ್ನು ತಟ್ಟೆಯಲ್ಲಿ ಹರಡಿ 120 ಡಿಗ್ರಿಯಲ್ಲಿ 40 ನಿಮಿಷ ಇಡಬಹುದು, ನಡುವೆ ಎರಡು ಮೂರು ಸಲ ತಿರುವಬೇಕು. ಉಳಿದ ತೇವವೂ ಹೋಗುತ್ತದೆ. ಕರಾವಳಿಯವರಿಗೆ ಇದು ಬಹಳ ಒಳ್ಳೆಯದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಪಾಕ ಕುದಿಯುವ ನೀರಿಗಿಂತ 50 ಡಿಗ್ರಿ ಜಾಸ್ತಿ ಬಿಸಿ, ಮೈಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಮಕ್ಕಳು ಒಲೆಯ ಹತ್ತಿರ ಬೇಡ. ಬೆರಳದ್ದಿ ರುಚಿ ನೋಡಲೇಬೇಡಿ. ಬಿದ್ದರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಸುಟ್ಟದ್ದು ಜೋರಾಗಿದ್ದರೆ ಆಸ್ಪತ್ರೆಗೆ ಹೋಗಿ.

ಟಾಫಿ

ಟಾಫಿಗೆ ಬೆಣ್ಣೆ ಸಕ್ಕರೆ ಸಮಸಮ, ತಲಾ 200 ಗ್ರಾಂ ತೆಗೆದುಕೊಂಡರೆ ಸಾಕು. ಹದ ಅದೇ 150. ಇಷ್ಟು ಬಿಸಿಗೆ ಬರೀ ಸಕ್ಕರೆ ಇನ್ನೂ ಸರಿಯಾಗಿ ಕೆಂಪಾಗಿರುವುದಿಲ್ಲ. ಟಾಫಿಯ ಹೊಂಬಣ್ಣ, ಆ ಘಮ ಹೆಚ್ಚಾಗಿ ಬರುವುದು ಬೆಣ್ಣೆಯಲ್ಲಿರುವ ಹಾಲಿನ ಅಂಶದಿಂದ. ಅದಕ್ಕೇ ಬೆಣ್ಣೆಯ ಬದಲು ತುಪ್ಪ ಹಾಕಿದಾಗ ನನಗೆ ಟಾಫಿಯ ರುಚಿ ಸಿಗಲಿಲ್ಲ. ನಡುವೆ ಜಿಡ್ಡು ಬಿಟ್ಟುಕೊಂಡು ಮೇಲೆ ತೇಲಿದರೆ ಉರಿ ಸಣ್ಣ ಮಾಡಿ ಒಂದು ಚಮಚ ಬಿಸಿನೀರು ಹಾಕಿ ಚೆನ್ನಾಗಿ ತಿರುವಿ, ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಹುರಿದ ಗೇರುಬೀಜದ ಚೂರು ಹಾಕಿ, ತುಪ್ಪ ಸವರಿದ ಹರಿವಾಣಕ್ಕೆ ಸುರಿದು, ಬೆಚ್ಚಗಿರುವಾಗಲೇ ಚಾಕುವಿನಿಂದ ಗೆರೆ ಎಳೆದಿಡಿ.

ಗಾಳಿಯ ನೀರು

ಗರಿಗರಿ ಪಾಕ ಅಂದರೆ ಒಂದು ಬಗೆಯ ಗಾಜು. ತೇವ ಸಿಕ್ಕಿದರೆ ಈ ಗಾಜು ಮೆತ್ತಗಾಗಿ ಅಂಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇದು ಉಳಿಯುತ್ತದಾ? ಆ ತಿಂಗಳುಗಳಲ್ಲಿ ಅಂದು ಮಾಡಿ ಅಂದೇ ತಿನ್ನುವಷ್ಟೇ ಮಾಡುತ್ತೇನೆ. ಉಳಿದ ದಿನಗಳಲ್ಲೂ ಪೂರ್ತಿ ತಣಿದ ಕೂಡಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಬೇಕು. ಬಿಸಿಯಿರುವಾಗ ಮುಚ್ಚಿದರೆ ಒಳಗೇ ಬೆವರುತ್ತದೆ, ತಣಿದ ಮೇಲೂ ಹೊರಗಿಟ್ಟರೆ ಗಾಳಿಯ ತೇವ ಹಿಡಿಯುತ್ತದೆ. ಒಂದೇ ದೊಡ್ಡ ಡಬ್ಬಿಗಿಂತ ನಾಲ್ಕು ಸಣ್ಣ ಡಬ್ಬಿ ಒಳ್ಳೆಯದು, ಒಂದನ್ನು ತೆರೆದರೆ ಮೂರು ಉಳಿದಿರುತ್ತವೆ. ಮೆತ್ತಗಾದ ಪಾಪ್‌ಕಾರ್ನ್ ಅನ್ನು 110 ಡಿಗ್ರಿ ಓವನ್‌ನಲ್ಲಿ 15 ನಿಮಿಷ ಒಣಗಿಸಿ. ಹೊರ ತೆಗೆದಾಗ ಇನ್ನೂ ಮೆತ್ತಗೇ ಇರುತ್ತದೆ, ಹೆದರಬೇಡಿ, ತಣಿದ ಮೇಲೆ ಗರಿಯಾಗುತ್ತದೆ.